ಎರಡು ತಿಂಗಳ ಬಾಡಿಗೆಗೆ ಆರು ವರ್ಷದ ಅಡ್ವಾನ್ಸ್

ಜುಲೈ ಕೊನೆ ಬಂತೆಂದರೆ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗಿನ 30 ತಂಡಗಳ ಆಫೀಸುಗಳಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುವ ಗಡುವು ಹತ್ತಿರ ಬಂದಿರುತ್ತದೆ. ಸಾಮಾನ್ಯವಾಗಿ ಜುಲೈ 31, ಈಚೆಗೆ ಒಂದೆರಡು ದಿನ ಆಚೀಚೆ. ಅದು ದಾಟಿತೋ, ಆ ಸೀಸನ್ನಿಗೆ ವ್ಯಾಪಾರ ಬಂದ್.

ವ್ಯಾಪಾರದ ಸರಕು ಮನುಷ್ಯರೇ. ಅದರಲ್ಲೂ ಬೇಡಿಕೆ ಜಾಸ್ತಿ ಇರುವುದು ಪಿಚರ್‌ಗೆ, ಅಂದರೆ ನಮ್ಮ ಬೌಲರ್‌ನ ಕೆಲಸ ಮಾಡುವವನಿಗೆ. ಒಬ್ಬ ಭಾರಿ ಪಿಚರ್‌ನ ಕಾಂಟ್ರ್ಯಾಕ್ಟ್ ಈ ವರ್ಷದ ಕೊನೆಗೆ ಮುಗಿಯುತ್ತದೆ ಅನ್ನಿ. ಅವನಿರುವ ತಂಡ ಸೋತು ಸುಣ್ಣವಾಗಿದೆ. ಕಪ್ ಆಸೆ ಇರುವ ಇನ್ನೊಂದು ತಂಡ ಬಂದು ಅವನನ್ನು ಎರಡು ತಿಂಗಳ ಮಟ್ಟಿಗೆ ಬಾಡಿಗೆಗೆ ಕೇಳುತ್ತದೆ. ಬೆಂಗಳೂರಿನ ಮನೆ ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆಂದು ನಾವು ಗೊಣಗುತ್ತೇವಲ್ಲ, ಇಲ್ಲಿ ಅಡ್ವಾನ್ಸ್ ಆರು ವರ್ಷದ್ದು. ಮೈನರ್ ಲೀಗಿನಲ್ಲಿ, ಅಂದರೆ ದೊಡ್ಡ ಲೀಗಿಗೆ ಹುಡುಗರನ್ನು ತಯಾರು ಮಾಡುವ ಕೆಳಗಿನ ಲೀಗಿನಲ್ಲಿ, ಬೆಳೆಯುತ್ತಿರುವ ಹುಡುಗ ದೊಡ್ಡ ಲೀಗಿಗೆ ಬಂದ ಮೇಲೆ ಸುಮಾರು ಆರು ವರ್ಷ ತನ್ನಿಷ್ಟದ ತಂಡಕ್ಕೆ ಹೋಗುವಂತಿಲ್ಲ. ಮೊದಲ ಎರಡು ಮೂರು ವರ್ಷವಂತೂ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ದುಡಿಯಬೇಕು. ಅಂಥ ಹುಡುಗರಲ್ಲಿ ಇಬ್ಬರನ್ನೋ ಮೂವರನ್ನೋ ಕೊಟ್ಟರೆ ಬಾಡಿಗೆಯವನು ಬರುತ್ತಾನೆ. ಸೀಸನ್ ಮುಗಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾನೆ. ಮೊದಲು ಹಾಗೆ ಹೋದವನ ಬದಲಿಗೆ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವಲ್ಲಿ, ಒಂದು ಹೆಚ್ಚುವರಿ ಸರದಿಯಾದರೂ ಸಿಗುತ್ತಿತ್ತು. 2012ರಿಂದ ಅದೂ ನಿಂತಿತು. ಸುಣ್ಣಬಣ್ಣದ ಖರ್ಚು ಮುರಿದುಕೊಂಡು ಉಳಿದದ್ದು ಕೊಡಿ ಎಂದು ಕೇಳುವ ಹಾಗೂ ಇಲ್ಲ.

ಇಷ್ಟು ದುಬಾರಿ ಬಾಡಿಗೆ ಯಾಕೆ ಅಂತ ಕೇಳಿದಿರೋ, ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ.

ಮೊದಲನೆಯದು ‘ಹುಡುಗನ್ನ ಕೊಡಬೇಡಿ’ ಪಕ್ಷ. ಇವರಲ್ಲಿ ಮುಕ್ಕಾಲು ಮಂದಿಗೆ ಆ ಹುಡುಗನ ಹೆಸರು ಗೊತ್ತಾಗಿದ್ದೇ ಇವತ್ತು ಮಧ್ಯಾಹ್ನ. ಸಂಜೆ ಹೊತ್ತಿಗೆ ಮನೆಮಗನನ್ನೇ ಕಳಕೊಂಡ ಹಾಗೆ ಗೋಳಾಡುತ್ತಾರೆ. ಇವರ ಕುಲದೇವರು ಜಾನ್ ಸ್ಮೋಲ್ಟ್ಜ್.

ಆ ಕಥೆ ಸ್ವಲ್ಪ ಹೇಳಲೇಬೇಕು. 1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ ಒಬ್ಬ ಪಿಚರ್ ತುರ್ತಾಗಿ ಬೇಕಿತ್ತು. ಅಟ್ಲಾಂಟಾ ಬ್ರೇವ್ಸ್ ಹತ್ತಿರ 36 ವರ್ಷದ ಡಾಯ್ಲ್ ಅಲೆಕ್ಸಾಂಡರ್ ಇದ್ದ. ಬದಲಿಗೆ ಅಟ್ಲಾಂಟಾ ಕೇಳಿದ್ದು 20 ವರ್ಷದ ಸ್ಮೋಲ್ಟ್ಜ್‌ನನ್ನು. ಆ ಹುಡುಗ ಮಿಶಿಗನ್ನಿನವನೇ, ಚಿಕ್ಕಂದಿನಿಂದ ಟೈಗರ್ಸ್ ಅಭಿಮಾನಿ. ಆದರೆ ಆ ವರ್ಷ ಮೈನರ್ ಲೀಗಿನಲ್ಲಿ 4 ಗೆದ್ದು 10 ಸೋತಿದ್ದ (ಬೇಸ್‌ಬಾಲ್‌ನಲ್ಲಿ ತಂಡದ ಗೆಲುವು ಸೋಲನ್ನು ಪಿಚರ್‌ನ ಹೆಸರಿಗೆ ಬರೆಯುತ್ತಾರೆ). ಹೋದರೆ ಹೋಗಲಿ ಅಂದರು, ಕೊಟ್ಟರು. ಅಲೆಕ್ಸಾಂಡರ್ ಬಂದವನೇ 9 ಗೆದ್ದ, ಒಂದೂ ಸೋಲಲಿಲ್ಲ. ಸೀಸನ್ನಿನ ಕೊನೆಯ ದಿನ ಟೊರಾಂಟೊವನ್ನು ಹಿಂದೆ ಹಾಕಿ ಡೆಟ್ರಾಯಿಟ್ ತನ್ನ ವಿಭಾಗ ಗೆದ್ದಿತು. ಊರೆಲ್ಲ ಸಂಭ್ರಮ. ಪ್ಲೇಆಫ್‌ನಲ್ಲಿ ಅದೇ ಅಲೆಕ್ಸಾಂಡರ್ ಮಿನೆಸೋಟಾ ಎದುರು ಎರಡು ಪಂದ್ಯ ಶುರು ಮಾಡಿ ಎರಡನ್ನೂ ಸೋತ. ಇನ್ನೆರಡು ವರ್ಷ ಆಡಿ, 1989ರಲ್ಲಿ 18 ಪಂದ್ಯ ಸೋತು, ಆಟ ಬಿಟ್ಟ. ಹೋದರೆ ಹೋಗಲಿ ಅಂದಿದ್ದ ಹುಡುಗ ಅಟ್ಲಾಂಟಾಕ್ಕೆ ಹೋಗಿ 210 ಪಂದ್ಯ ಗೆದ್ದ, 154 ಸೇವ್ ಮಾಡಿದ, ಅಂದರೆ ಕೊನೆಗೆ ಬಂದು ತಂಡದ ಗೆಲುವು ಉಳಿಸಿಕೊಟ್ಟ, 1996ರಲ್ಲಿ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ, 2015ರಲ್ಲಿ ದಿಗ್ಗಜರ ಸಾಲಿನ ಹಾಲ್ ಆಫ್ ಫೇಮ್ ಸೇರಿದ. ಆವತ್ತಿನಿಂದ ಈ ಪಕ್ಷದವರಿಗೆ ಮೈನರ್ ಲೀಗಿನ ಪ್ರತಿ ಹುಡುಗನೂ ಸ್ಮೋಲ್ಟ್ಜ್ ಆಗಿಯೇ ಕಾಣುತ್ತಾನೆ.

ಎರಡನೆಯದು ‘ಈ ವರ್ಷ ಬಿಟ್ಟರೆ ಇಲ್ಲ’ ಪಕ್ಷ. ಎಳೆ ಪಿಚರ್‌ಗಳನ್ನು ನಂಬಿ ಯಾರು ಉದ್ಧಾರ ಆಗಿದ್ದಾರೆ ಅನ್ನೋದು ಇವರ ಪ್ರಶ್ನೆ. ಉದಾಹರಣೆಗೂ ಬರವಿಲ್ಲ. 1991ರಲ್ಲಿ ಯಾಂಕೀಸ್ ಡ್ರಾಫ್ಟ್‌ನ ಮೊದಲ ಸರದಿಯಲ್ಲೇ ಬ್ರಯನ್ ಟೇಲರ್ ಎಂಬ ಹುಡುಗನನ್ನು ಕರೆದು 15.5 ಲಕ್ಷ ಡಾಲರ್ ಕೊಟ್ಟಿತು. 1993ರ ಡಿಸೆಂಬರ್‌ನಲ್ಲಿ ಅವನು ಹೊಡೆದಾಟವೊಂದರಲ್ಲಿ ಭುಜ ಹಾಳು ಮಾಡಿಕೊಂಡ. ದೊಡ್ಡ ಲೀಗಿನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಮೆಟ್ಸ್ ತಂಡ 1990ರ ದಶಕದಲ್ಲಿ ಮೂವರು ಎಳೆ ಪಿಚರ್‌ಗಳನ್ನು ಸೇರಿಸಿ ‘ಜನರೇಷನ್ ಕೆ’ ಎಂದು ಮೆರೆಸಿತು. ಮೂವರೂ ಆಪರೇಷನ್ ಟೇಬಲ್ ಮೇಲೆ ಮಲಗಿದರು. ಈ ವ್ಯಾಪಾರದ ಒಳಹೊರಗು ಗೊತ್ತಿದ್ದವರು ‘ಪಿಚಿಂಗ್ ಪ್ರಾಸ್ಪೆಕ್ಟ್ (ಮುಂದೆ ಬೆಳಗುವ ಎಳೆ ಪಿಚರ್) ಅನ್ನೋದೇ ಇಲ್ಲ’ ಎಂದು ಘೋಷಣೆಯನ್ನೇ ಮಾಡಿಬಿಟ್ಟಿದ್ದಾರೆ. ಹಾಗಿದ್ದೂ ಪ್ರತಿ ಜುಲೈಯಲ್ಲಿ ಇಲ್ಲದ ಆ ವಸ್ತುವಿಗಾಗಿಯೇ ಚೌಕಾಸಿ ನಡೆಯುತ್ತದೆ ನೋಡಿ!

ಚೌಕಾಸಿಗೆ ಶಾಸ್ತ್ರದ ಬೆಂಬಲವೂ ಇದೆ. ಹುಡುಗನ ಪ್ರತಿ ಬಗೆಯ ಎಸೆತಕ್ಕೂ ಸ್ಕೌಟ್‌ಗಳು, ಅಂದರೆ ಪ್ರತಿಭೆ ಹುಡುಕುವವರು, ಅಂಕ ಕೊಡುತ್ತಾರೆ, 20ರಿಂದ 80ರವರೆಗೆ. ಏನೂ ಬಾರದವನಿಗೂ 20 ಗ್ಯಾರಂಟಿ, ದೇವರೇ ಇಳಿದು ಬಂದು ಎಸೆದರೂ 80 ದಾಟುವಂತಿಲ್ಲ. ಚೆಂಡಿನ ವೇಗ, ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ಅಂಗುಲ ತಿರುವು, ಎಲ್ಲ ಅಳೆದು ಕಂಪ್ಯೂಟರಿಗೆ ತುಂಬುತ್ತಾರೆ. ಮೊಣಕೈ ಒಳಗೆ ಒಂದು ಲಿಗಮೆಂಟ್ ಇದೆ. ಅದು ಯಾವತ್ತು ಹರಿಯುತ್ತದೆ ಅನ್ನೋದು ಮಾತ್ರ ಯಾವ ಕಂಪ್ಯೂಟರಿಗೂ ಗೊತ್ತಿಲ್ಲ. ಹರಿದರೆ ಟಾಮಿ ಜಾನ್ ಸರ್ಜರಿ, ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ, ಮೈದಾನದ ಹೊರಗೆ. ಅಂದಹಾಗೆ ಸ್ಮೋಲ್ಟ್ಜ್‌ಗೂ ಅದೇ ಸರ್ಜರಿ ಆಗಿತ್ತು. ಮೊದಲ ಪಕ್ಷದವರು ಆ ಭಾಗ ಹೇಳುವುದಿಲ್ಲ.

ಬಾಡಿಗೆ ಕೆಲವೊಮ್ಮೆ ಗಿಟ್ಟುತ್ತದೆ, ಸುಳ್ಳು ಯಾಕೆ ಹೇಳಬೇಕು? 2015ರಲ್ಲಿ ಕ್ಯಾನ್ಸಸ್ ಸಿಟಿ ರಾಯಲ್ಸ್ ಮೂವರು ಎಡಗೈ ಹುಡುಗರನ್ನು ಕೊಟ್ಟು ಜಾನಿ ಕ್ವೇಟೋನನ್ನು ತಂದಿತು. ಲೀಗ್ ಪಂದ್ಯಗಳಲ್ಲಿ ಅವನದು ಸಾಧಾರಣ ಆಟ. ಕಪ್ ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನಲ್ಲಿ ಮಾತ್ರ ಒಂದು ಪಂದ್ಯ ಪೂರ್ತಿ ತಾನೇ ಎಸೆದು ಎರಡೇ ಹಿಟ್ ಕೊಟ್ಟ. ಕಪ್ ಬಂತು. ಕೊಟ್ಟ ಮೂವರಲ್ಲಿ ಯಾರೂ ದೊಡ್ಡ ಹೆಸರು ಮಾಡಲಿಲ್ಲ. ಈ ಒಂದು ಪ್ರಸಂಗ ಎಷ್ಟು ಜನರಲ್ ಮ್ಯಾನೇಜರ್‌ಗಳ ತಲೆ ಕೆಡಿಸಿದೆಯೋ! ಲಾಟರಿ ಹೊಡೆದವನ ಫೋಟೋವನ್ನೇ ಅಲ್ವಾ ಅಂಗಡಿ ಮುಂದೆ ನೇತುಹಾಕುವುದು? 1998ರ ಹ್ಯೂಸ್ಟನ್ ಆಸ್ಟ್ರೋಸ್ ಫೋಟೋ ಯಾರೂ ಹಾಕುವುದಿಲ್ಲ. ಅವರು ಸಿಯಾಟಲ್‌ನಿಂದ ರ‍್ಯಾಂಡಿ ಜಾನ್ಸನ್‌ನನ್ನು ತಂದರು. ಅವನು 10 ಗೆದ್ದು 1 ಸೋತ. ಪ್ಲೇಆಫ್‌ನಲ್ಲೂ ಚೆನ್ನಾಗಿಯೇ ಎಸೆದ, ಆದರೆ ಅವನು ಎಸೆದ ಎರಡೂ ಪಂದ್ಯಗಳಲ್ಲಿ ತಂಡ ಹೊಡೆದದ್ದು ಒಂದೊಂದೇ ರನ್. ಎರಡೂ ಸೋಲು. ಬಾಡಿಗೆಗೆ ಪಿಚರ್ ಸಿಗುತ್ತಾನೆ, ರನ್ ಸಿಗುವುದಿಲ್ಲ. ಜಾನ್ಸನ್ ಅರಿಜೋನಾಕ್ಕೆ ಹೋಗಿ ಮುಂದಿನ ನಾಲ್ಕು ವರ್ಷವೂ ಸೈ ಯಂಗ್ ಗೆದ್ದ.

ಆದರೂ ಈ ವಿದ್ಯೆಯಲ್ಲಿ ನನ್ನ ಪಾಲಿನ ಮಹಾಗುರು 2023ರ ಲಾಸ್ ಏಂಜಲೀಸ್ ಏಂಜಲ್ಸ್. 2014ರ ನಂತರ ಪ್ಲೇಆಫ್ ಮುಖ ಕಾಣದ ತಂಡ. ಒಳಗೆ ಪಿಚಿಂಗ್, ಬ್ಯಾಟಿಂಗ್ ಎರಡೂ ಮಾಡುವ ತಾರೆ ಶೋಹೇ ಒಹ್ತಾನಿ ಇದ್ದಾನೆ, ವರ್ಷದ ಕೊನೆಗೆ ಅವನ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಅವನನ್ನು ಮಾರಿದರೆ ಊರು ತುಂಬ ಹುಡುಗರು ಸಿಗುತ್ತಿದ್ದರು. ಮಾರಲಿಲ್ಲ. ಬದಲಿಗೆ ತಾವೇ ಬಾಡಿಗೆಗೆ ಹೊರಟರು. ಜುಲೈ 26ರಂದು ಶಿಕಾಗೊ ವೈಟ್ ಸಾಕ್ಸ್‌ಗೆ ಕೈ ಬುಶ್ ಎಂಬ ಎಡಗೈ ಪಿಚರ್‌ನನ್ನೂ ಎಡ್ಗರ್ ಕ್ವೆರೋ ಎಂಬ ಕ್ಯಾಚರ್‌ನನ್ನೂ (ನಮ್ಮ ವಿಕೆಟ್ ಕೀಪರ್ ಥರದವನು) ಕೊಟ್ಟು, ಲೂಕಸ್ ಜಿಯೊಲಿಟೋ ಮತ್ತು ರೆನಾಲ್ಡೊ ಲೋಪೆಜ್ ಎಂಬ ಇಬ್ಬರು ಪಿಚರ್‌ಗಳನ್ನು ತಂದರು. ಧೈರ್ಯ ಅಂದರೆ ಇದಪ್ಪಾ ಎಂದು ಭುಜ ತಟ್ಟಿದವರೂ ಇದ್ದರು.

ಆಗಸ್ಟ್‌ನ ಮೊದಲ ಏಳು ದಿನ ಏಳು ಸೋಲು. ಜಿಯೊಲಿಟೋ ಅಟ್ಲಾಂಟಾ ಎದುರು ಒಂದೇ ಪಂದ್ಯದಲ್ಲಿ 9 ರನ್ ಕೊಟ್ಟ. ಒಹ್ತಾನಿಯ ಮೊಣಕೈ ಲಿಗಮೆಂಟ್ ಹರಿಯಿತು. ತಿಂಗಳ ಕೊನೆಗೆ ಮಾಲೀಕರಿಗೆ, ಆಟಗಾರರ ಸಂಬಳದ ಮೊತ್ತ ಮಿತಿ ದಾಟಿದರೆ ಕಟ್ಟಬೇಕಾದ ಲಕ್ಷುರಿ ಟ್ಯಾಕ್ಸ್ ನೆನಪಾಯಿತು. ತಂಡ ಜಿಯೊಲಿಟೋ, ಲೋಪೆಜ್ ಸಮೇತ ಹಲವರನ್ನು ‘ಯಾರಿಗೆ ಬೇಕೋ ಒಯ್ಯಿರಿ’ ಎಂದು ಬಾಗಿಲ ಹೊರಗೆ ಇಟ್ಟಿತು. ಎರಡು ತಿಂಗಳ ಬಾಡಿಗೆಯವನನ್ನು ಒಂದೇ ತಿಂಗಳಿಗೆ ಖಾಲಿ ಮಾಡಿಸಿದ ಕೀರ್ತಿ ಇವರದು. ‘ನಾವು ಪ್ರಯತ್ನ ಮಾಡಿದ್ವಿ’ ಎಂದು ಹೇಳಿಕೊಳ್ಳುವ ಹಕ್ಕಿಗೆ ಇಬ್ಬರು ಹುಡುಗರು ಹೋದರು. ನನ್ನನ್ನು ಕೇಳಿದರೆ ಗಡುವಿನ ಸಂತೆಯಲ್ಲಿ ಜಾಸ್ತಿ ಮಾರಾಟವಾಗುವ ಸರಕು ಅದೇ. ಡಿಸೆಂಬರ್‌ನಲ್ಲಿ ಒಹ್ತಾನಿ 70 ಕೋಟಿ ಡಾಲರಿಗೆ ಪಕ್ಕದ ಡಾಜರ್ಸ್ ಸೇರಿದ. ಅವನು ಬಾಡಿಗೆಯವನಲ್ಲವಲ್ಲ, ಹಾಗಾಗಿ ಏಂಜಲ್ಸ್‌ಗೆ ಸಿಕ್ಕಿದ್ದು ಡ್ರಾಫ್ಟ್‌ನ ಎರಡನೇ ಸುತ್ತಿನ ನಂತರದ ಒಂದು ಸರದಿ. ಅದರಲ್ಲಿ ಅವರು ಆರಿಸಿದ್ದು ಯಾರನ್ನು ಅಂತೀರಿ? ಇನ್ನೊಬ್ಬ ಎಳೆ ಪಿಚರ್‌ನನ್ನು.

ಬಾಗಿಲ ಹೊರಗಿದ್ದ ಜಿಯೊಲಿಟೋನನ್ನು ಕ್ಲೀವ್‌ಲ್ಯಾಂಡ್ ಎತ್ತಿಕೊಂಡು ಹೋಯಿತು. ಮಿನೆಸೋಟಾವನ್ನು ಹಿಂದೆ ಹಾಕಲು ಅವರಿಗೂ ಪಿಚರ್ ಬೇಕಿತ್ತಂತೆ. ಮೊದಲ ಪಂದ್ಯವೇ ಮಿನೆಸೋಟಾ ಎದುರು. ಮೂರು ಇನಿಂಗ್ಸ್, ಮತ್ತೆ 9 ರನ್. ಪಂದ್ಯ 20-6ರಿಂದ ಸೋತರು. ಆಮೇಲೆ ಅವನು ಬಾಸ್ಟನ್ ಸೇರಿದ, 2024ರ ಮಾರ್ಚ್‌ನಲ್ಲಿ ಮೊಣಕೈ ಆಪರೇಷನ್ ಆಯಿತು, ಆ ವರ್ಷ ಒಂದೂ ಪಂದ್ಯ ಆಡಲಿಲ್ಲ. ಭವಿಷ್ಯದ ಭರವಸೆ ಎಂದು ವೈಟ್ ಸಾಕ್ಸ್ ಪಡೆದ ಬುಶ್‌ಗೆ 2025ರಲ್ಲಿ ಮೊಣಕೈ ಆಪರೇಷನ್. ತಕ್ಕಡಿಯ ಎರಡೂ ಕಡೆಯ ಪಿಚರ್‌ಗಳು ಒಂದೇ ಬಗೆಯ ವಾರ್ಡಿಗೆ ಹೋದರು. ಆ ವರ್ಷ ದೊಡ್ಡ ಲೀಗಿಗೆ ಬಂದು ಆಡಿದವನು ಕ್ಯಾಚರ್ ಕ್ವೆರೋ. ಹಾಗಾಗಿ ಈ ವ್ಯಾಪಾರದಲ್ಲಿ ಗೆದ್ದವರು ವೈಟ್ ಸಾಕ್ಸ್ ಎಂದು ಪಂಡಿತರು ಈಗ ಅಂಕ ಕೊಡುತ್ತಾರೆ. ಗೆದ್ದ ಆ ತಂಡ 2024ರಲ್ಲಿ 121 ಪಂದ್ಯ ಸೋತಿತು. 1900ರಿಂದ ಈಚೆಗೆ ಒಂದು ಸೀಸನ್ನಿನಲ್ಲಿ ಅಷ್ಟು ಸೋತವರು ಬೇರೆ ಯಾರೂ ಇಲ್ಲ.