ಹದಿನಾರೂವರೆ ಸೆಕೆಂಡಿನ ಸಂಸಾರಿ

ಕಾಲು ಮೈಲಿ ಎಂದರೆ 402 ಮೀಟರು. ರಾತ್ರಿ ಊಟವಾದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಬಾಳೆಹಣ್ಣು ತರುವಷ್ಟು ದೂರ. ಅಷ್ಟು ದೂರವನ್ನು ಕಾರಿನಲ್ಲಿ ಹೋಗುವುದಕ್ಕೆ ಕಲಿಯುವಂಥದ್ದು ಏನಿದೆ? ದಾರಿ ನೇರ, ತಿರುವಿಲ್ಲ, ಹಂಪಿಲ್ಲ, ಎದುರಿಗೆ ಎಮ್ಮೆ ಬರುವ ಭಯವಿಲ್ಲ. ಆಕ್ಸಿಲರೇಟರ್ ಒತ್ತಬೇಕು, ಸ್ಟೀರಿಂಗ್ ನೆಟ್ಟಗೆ ಹಿಡಿಯಬೇಕು, ಅಷ್ಟೇ ತಾನೆ? ನಿಜ, ಅಷ್ಟೇ. ಎರಡು ಕಾರು ಅಕ್ಕಪಕ್ಕ ನಿಂತಲ್ಲಿಂದ ಹೊರಟು ಈ ಕಾಲು ಮೈಲಿ ಓಡುವ ಆಟಕ್ಕೆ ಡ್ರ್ಯಾಗ್ ರೇಸಿಂಗ್ ಎನ್ನುತ್ತಾರೆ. ಆದರೂ ಅದೇ ಕಾರು, ಅದೇ ಸಂಜೆ, ಅದೇ ಡ್ರೈವರ್ ಇದ್ದುಕೊಂಡು ಒಂದು ಸಲ 17 ಸೆಕೆಂಡ್ ಬಂದರೆ ಇನ್ನೊಂದು ಸಲ 16.5 ಬರುತ್ತದೆ. ಈ ಅರ್ಧ ಸೆಕೆಂಡ್ ಎಲ್ಲಿ ಅಡಗಿತ್ತು ಎಂದು ಹುಡುಕಲು ಹೊರಟವನಿಗೆ ಬುಧವಾರ ಸಂಜೆಗಳು ಕೈಬಿಟ್ಟವೆಂದೇ ಲೆಕ್ಕ.

ಇಷ್ಟು ಸಣ್ಣ ದೂರವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು ಕ್ಯಾಲಿಫೋರ್ನಿಯಾದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಹಳೇ ಫೋರ್ಡ್ ಕಾರುಗಳನ್ನು ಬಿಚ್ಚಿ ಜೋಡಿಸುತ್ತಿದ್ದ ಹುಡುಗರು ಊರ ರಸ್ತೆಗಳಲ್ಲೇ ಪಂದ್ಯ ಕಟ್ಟಿ ಪೊಲೀಸರ ನಿದ್ದೆ ಕೆಡಿಸುತ್ತಿದ್ದರು. ಅವರನ್ನು ವಿಮಾನದ ರನ್‌ವೇಗಳ ಕಡೆಗೆ ತಿರುಗಿಸಿದ ಮೇಲೆ ಆಟಕ್ಕೊಂದು ನೆಲೆ ಸಿಕ್ಕಿತು. 1950ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಟ್ಟು ಭಾನುವಾರದ ರೇಸು ಶುರುವಾಯಿತು. ಮರುವರ್ಷ ವಾಲಿ ಪಾರ್ಕ್ಸ್ ಎಂಬಾತ ಈ ಆಟಕ್ಕೆ ನಿಯಮ ಹಾಕುವ ಎನ್‌ಎಚ್‌ಆರ್‌ಎ (ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ಸಂಸ್ಥೆ ಕಟ್ಟಿದ. ಇವತ್ತು ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಸೊನೋಮಾ ರೇಸ್‌ವೇಯಲ್ಲಿ ಬುಧವಾರದ ಸಂಜೆ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದು. ಅಲ್ಲಿನ ಪೊಲೀಸರೇ ಹೈಸ್ಕೂಲ್ ಹುಡುಗರ ಎದುರು ಗೆರೆಗೆ ನಿಂತು ರೇಸ್ ಮಾಡಿದ್ದೂ ಉಂಟು. ಬೆಂಗಳೂರಿನ ವಿಮಾನ ನಿಲ್ದಾಣದ ರಸ್ತೆಯಲ್ಲಿ ನಡುರಾತ್ರಿ ವೀಲಿ ಹೊಡೆಯುವವರ ಹಿಂದೆ ಓಡುವ ನಮ್ಮ ಪೊಲೀಸರಿಗೆ ಇದನ್ನು ಹೇಳಿದರೆ ನಂಬಲಿಕ್ಕಿಲ್ಲ.

ಸೊನೋಮಾದ ಇದೇ ನೇರ ಓಟದ ಪಟ್ಟಿಯ ಮೇಲೆ ಟಾಪ್ ಫ್ಯುಯೆಲ್ ಎಂಬ ಉದ್ದ ಮೂತಿಯ ವಾಹನಗಳೂ ಓಡುತ್ತವೆ. ಅವಕ್ಕೆ 2008ರಿಂದ, ಒಬ್ಬ ಚಾಲಕ ಸತ್ತ ಮೇಲೆ, ದೂರವನ್ನು ಸಾವಿರ ಅಡಿಗೆ ಇಳಿಸಿದ್ದಾರೆ. ಅದನ್ನು ಅವು ನಾಲ್ಕು ಸೆಕೆಂಡಿಗಿಂತ ಕಡಿಮೆಯಲ್ಲಿ ಮುಗಿಸುತ್ತವೆ. ನನ್ನದು ನಾಲ್ಕು ಸಿಲಿಂಡರಿನ ಟೊಯೋಟಾ ಕ್ಯಾಮ್ರಿ. ಮಕ್ಕಳನ್ನು ಈಜು ಕ್ಲಾಸಿಗೆ ಬಿಡುವ, ಇಂಡಿಯನ್ ಸ್ಟೋರಿನಿಂದ ಕರಿಬೇವು ತರುವ ಕಾರು. 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವವರಿಗೆ ಎನ್‌ಎಚ್‌ಆರ್‌ಎ ನಿಯಮದಂತೆ ಹೆಲ್ಮೆಟ್ ಕಡ್ಡಾಯ. ನನಗೆ ಆ ಯೋಗ ಇಲ್ಲ. ಪೂರ್ತಿ ಪ್ಯಾಂಟು, ತೋಳಿರುವ ಅಂಗಿ, ಬೂಟು ಮಾತ್ರ ಎಲ್ಲರಿಗೂ ಬೇಕು. ಚಡ್ಡಿ, ಹವಾಯಿ ಚಪ್ಪಲಿ ನಡೆಯುವುದಿಲ್ಲ.

ಹೊಸಬರು ಬಂದ ಕೂಡಲೇ ಕೇಳುವ ಪ್ರಶ್ನೆ, "ಏನು ಹಾಕಿಸಬೇಕು?" ನನ್ನನ್ನು ಇಲ್ಲಿಗೆ ಎಳೆದು ತಂದ ದಾವಣಗೆರೆ ಹುಡುಗನೂ ಕಾರು ನೋಡಿದವನೇ, "ಅಣ್ಣಾ, ಒಂದು ಒಳ್ಳೇ ಇನ್‌ಟೇಕ್ ಹಾಕ್ಸಿಬಿಡಿ, ಸೌಂಡೇ ಬೇರೆ ಬರುತ್ತೆ" ಅಂದ. ಇನ್‌ಟೇಕ್ ಎಂದರೆ ಎಂಜಿನ್ನಿಗೆ ಗಾಳಿ ಎಳೆದುಕೊಡುವ ಕೊಳವೆ. ಸೌಂಡು ಬೇರೆ ಬರುತ್ತದೆ ಎನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಹೊಸಬನ ಮೊದಲ ಅರ್ಧ ಸೆಕೆಂಡಿಗೆ ಕಾಸು ಖರ್ಚಿಲ್ಲ. ಅದು ಚೀಟಿಯಲ್ಲಿರುತ್ತದೆ.

ಚೀಟಿ ಎಂದರೆ, ಓಟ ಮುಗಿಸಿ ಪಕ್ಕದ ದಾರಿಯಲ್ಲಿ ನಿಧಾನ ವಾಪಸು ಬರುವಾಗ ಗೂಡಂಗಡಿಯಂಥ ಒಂದು ಕಿಂಡಿಯಿಂದ ಕೈಗೆ ಕೊಡುವ ಸಣ್ಣ ಕಾಗದ. ಎರಡು ಕಾಲಂ: ಒಂದು ನಿಮ್ಮದು, ಇನ್ನೊಂದು ಪಕ್ಕದ ಲೇನಿನವನದು. ಮೇಲಿನ ಸಾಲಿನಲ್ಲಿ ದೀಪ ನೋಡಿ ಹೊರಡಲು ನೀವು ತೆಗೆದುಕೊಂಡ ಸಮಯ. ಆಮೇಲೆ 60 ಅಡಿ, 330 ಅಡಿ, 660 ಅಡಿ, 1000 ಅಡಿ, ಕೊನೆಗೆ 1320 ಅಡಿಗೆ ಎಷ್ಟು ಹೊತ್ತಾಯಿತು ಎಂಬ ಲೆಕ್ಕ, ಸಾವಿರದ ಒಂದು ಭಾಗದವರೆಗೆ. ತಳದಲ್ಲಿ ಕೊನೆಯ 66 ಅಡಿಯ ಸರಾಸರಿ ವೇಗ. ಹೊಸಬರೆಲ್ಲ ತಳದ ಎರಡು ಸಾಲು ನೋಡಿ ಚೀಟಿ ಮಡಿಸಿ ಜೇಬಿಗಿಡುತ್ತಾರೆ. ಪಳಗಿದವರ ಕಣ್ಣು ಮೊದಲು ಹೋಗುವುದು 60 ಅಡಿಯ ಸಾಲಿಗೆ. ಕೊನೆಯ ವೇಗ ಎಂಜಿನ್ನಿನ ಜಾತಕವಾದರೆ, 60 ಅಡಿ ಡ್ರೈವರನ ಜಾತಕ. ಎರಡು ಚೀಟಿಯಲ್ಲೂ ವೇಗ ಒಂದೇ ಇದ್ದು ಸಮಯ ಮಾತ್ರ ಇಳಿದಿದ್ದರೆ ಸುಧಾರಿಸಿದ್ದು ನೀವು. ಕಾರು ಇದ್ದ ಹಾಗೇ ಇದೆ. ಆ 60 ಅಡಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಿದರೆ ಕೊನೆಯ ಗೆರೆಯಲ್ಲಿ ಅದು ಒಂದೂವರೆಯಿಂದ ಎರಡು ಪಟ್ಟಾಗಿ ಸಿಗುತ್ತದೆ ಎಂಬುದು ಈ ಜನರ ಬಾಯಿಲೆಕ್ಕ. ಇಷ್ಟು ಬಡ್ಡಿ ಯಾವ ಸಹಕಾರಿ ಬ್ಯಾಂಕೂ ಕೊಡುವುದಿಲ್ಲ.

ಉಳಿಸುವುದು ಹೇಗೆ? ಮೊದಲಿಗೆ, ನೀರು ಸುರಿದ ಜಾಗಕ್ಕೆ ಹೋಗಬಾರದು. ಗೆರೆಗೆ ಸ್ವಲ್ಪ ಹಿಂದೆ ನೆಲ ಒದ್ದೆ ಮಾಡಿರುತ್ತಾರೆ. ದೊಡ್ಡ ಕಾರಿನವರು ಅದರಲ್ಲಿ ಟೈರು ನೆನೆಸಿ, ಗರಗರ ತಿರುಗಿಸಿ, ಹೊಗೆ ಎಬ್ಬಿಸಿ ಟೈರು ಬಿಸಿ ಮಾಡಿಕೊಳ್ಳುತ್ತಾರೆ. ನೋಡಲು ಭಾರಿ ಸೊಗಸು. ಆದರೆ ಮನೆಯ ಕಾರಿನ ಟೈರಿನಲ್ಲಿ ಮಳೆನೀರು ಹಿಡಿಯುವ ಗೀರುಗಳಿವೆಯಲ್ಲ, ಅವು ಆ ನೀರನ್ನು ಹೊತ್ತು ತಂದು ಗೆರೆಯ ಮೇಲೇ ತೊಟ್ಟಿಕ್ಕಿಸುತ್ತವೆ. ಹಾಗಾಗಿ ನಮ್ಮಂಥವರು ಬಳಸಿಕೊಂಡು ಬರಬೇಕು, ಒಣ ಟೈರನ್ನು ಒಂದು ಕ್ಷಣ ತಿರುಗಿಸಿ ಕಲ್ಲುಪುಡಿ ಉದುರಿಸಿದರೆ ಸಾಕು. ಗೆರೆಯ ಬಳಿ ನೆಲಕ್ಕೆ ಅಂಟು ಸಿಂಪಡಿಸಿರುತ್ತಾರೆ, ಅದರ ಮೇಲೆ ಸುಟ್ಟ ರಬ್ಬರಿನ ಪದರ. ನಡೆದು ನೋಡಿದರೆ ಹೆಜ್ಜೆಗೊಮ್ಮೆ ಬೂಟು ಕಿತ್ತು ಬರುವಂತೆ ಪಚಕ್ ಎನ್ನುತ್ತದೆ.

ಅಷ್ಟು ಅಂಟಿದ್ದರೂ ಮುಂದಿನ ಚಕ್ರದಿಂದ ಎಳೆಯುವ ಕಾರಿಗೆ ಒಂದು ಹುಟ್ಟು ತೊಂದರೆ. ಜೋರಾಗಿ ಹೊರಟಾಗ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ, ದುಡಿಯಬೇಕಾದ ಮುಂದಿನ ಚಕ್ರಗಳೇ ಹಗುರಾಗಿ ಸುಮ್ಮನೆ ತಿರುಗುತ್ತವೆ. ಟೈರು ಕಿರುಚಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ಆದರೆ ಆ ಕಿರುಚಾಟಕ್ಕೆಲ್ಲ ಸಮಯ ಖರ್ಚಾಗಿರುತ್ತದೆ. ಆಟೊಮ್ಯಾಟಿಕ್ ಕಾರಾದರೆ ಎಡಗಾಲಲ್ಲಿ ಬ್ರೇಕ್ ಹಿಡಿದು ಬಲಗಾಲಲ್ಲಿ ಎಂಜಿನ್ ಸ್ವಲ್ಪವೇ ಏರಿಸಿಟ್ಟುಕೊಂಡು, ಬ್ರೇಕ್ ಬಿಟ್ಟ ಮೇಲೆ ಆಕ್ಸಿಲರೇಟರನ್ನು ಒಂದೇ ಏಟಿಗೆ ತುಳಿಯದೆ ಒತ್ತುತ್ತಾ ಹೋಗಬೇಕು. ಮುಂದಿನ ಟೈರಿನ ಗಾಳಿ ತುಸು ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಮನೆಗೆ ಹೊರಡುವ ಮುಂಚೆ ತುಂಬಿಸಿಕೊಳ್ಳಬೇಕು. ಒಂದು ಓಟಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಎಂದು ಹರಟೆ ಹೊಡೆಯಬಹುದೇ ವಿನಾ ತಿಳಿಯುವುದಿಲ್ಲ.

ದೀಪಗಳದ್ದು ಇನ್ನೊಂದೇ ತಮಾಷೆ. 1963ರವರೆಗೆ ದೊಡ್ಡ ಪಂದ್ಯಗಳಲ್ಲೂ ಬಾವುಟ ಬೀಸುವ ಮನುಷ್ಯನೇ ನಿಂತಿರುತ್ತಿದ್ದ. ಆಮೇಲೆ ಬಣ್ಣದ ದೀಪಗಳ ಕಂಬ ಬಂತು, ಜನ ಅದನ್ನು ಕ್ರಿಸ್‌ಮಸ್ ಟ್ರೀ ಎಂದರು. ಮೂರು ಹಳದಿ ಅರ್ಧರ್ಧ ಸೆಕೆಂಡಿಗೊಂದು ಹತ್ತುತ್ತವೆ, ಮತ್ತರ್ಧ ಸೆಕೆಂಡಿಗೆ ಹಸಿರು. ಹಸಿರು ಕಂಡ ಮೇಲೆ ಹೊರಡುವವನು ಆಗಲೇ ತಡವಾದವನು. ಕಣ್ಣು ಕಂಡದ್ದು ಕಾಲಿಗೆ ತಲುಪಿ, ಕಾರು ಕದಲಿ, ಹೊರಡುವ ಜಾಗದಲ್ಲಿ ಅಡ್ಡಲಾಗಿ ಬಿಟ್ಟಿರುವ ಬೆಳಕಿನ ಗೆರೆಯನ್ನು ಚಕ್ರ ದಾಟುವಷ್ಟರಲ್ಲಿ ಹೆಚ್ಚುಕಮ್ಮಿ ಆ ಅರ್ಧ ಸೆಕೆಂಡ್ ಮುಗಿದಿರುತ್ತದೆ. ಆದ್ದರಿಂದ ಮೂರನೇ ಹಳದಿಗೇ ಹೊರಡಬೇಕು. ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಮ್ಮೂರಿನವರು ದಿನಾ ಮಾಡುವ ಕೆಲಸಕ್ಕೆ ಇಲ್ಲಿ ಮರ್ಯಾದೆ ಇದೆ.

ಇದಕ್ಕಿಂತ ಚೆಂದದ ವಿಷಯವೆಂದರೆ, ಹಸಿರು ಬಂದು ನೀವು ಮೂರು ಸೆಕೆಂಡ್ ಸುಮ್ಮನೆ ಕೂತರೂ ಕಾರಿನ ಓಟದ ಸಮಯಕ್ಕೆ ಏನೂ ಆಗುವುದಿಲ್ಲ. ಗಡಿಯಾರ ಶುರುವಾಗುವುದು ಚಕ್ರ ಗೆರೆ ಬಿಟ್ಟಾಗಲೇ. ಹೊಸಬನಿಗೆ ಇದು ದೊಡ್ಡ ಸಮಾಧಾನ. ಪಕ್ಕದವನು ಗುಡುಗಿಕೊಂಡು ಹೋಗಲಿ, ನಾವು ನಮ್ಮ ಪಾಡಿಗೆ ಹೊರಡಬಹುದು. ಗೆರೆಗೆ ನಿಲ್ಲುವಾಗ, ಚಕ್ರ ಗೆರೆಗೆ ಬಂತೆಂದು ತಿಳಿಸಲು ಕಂಬದ ಮೇಲ್ಗಡೆ ಇರುವ ಎರಡನೇ ಸಣ್ಣ ದೀಪ ಹತ್ತಿದ ತಕ್ಷಣ, ಒಂದಿಂಚೂ ಮುಂದೆ ಹೋಗದೆ ನಿಂತರೆ ಚಕ್ರ ಬೆಳಕಿನ ಗೆರೆ ಬಿಡುವ ಮೊದಲೇ ಕಾರಿಗೆ ಕೆಲವು ಇಂಚಿನ ಓಟ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಎಂದ ಮೇಲೆ ಬಿಡುವುದುಂಟೆ.

ಇನ್ನು ಭಾರ. ನೂರು ಪೌಂಡ್ ಇಳಿಸಿದರೆ ಸೆಕೆಂಡಿನ ಹತ್ತನೇ ಒಂದು ಭಾಗ ಎಂಬುದು ಅಂದಾಜಿನ ಲೆಕ್ಕ. ಸಂಸಾರಿಯ ಕಾರಿನ ಡಿಕ್ಕಿ ತೆರೆದರೆ ಈ ಲೆಕ್ಕ ರುಚಿಕಟ್ಟುತ್ತದೆ. ಮಗುವಿನ ತಳ್ಳುಗಾಡಿ, ಕ್ರಿಕೆಟ್ ಕಿಟ್, ಯಾವುದೋ ಗೃಹಪ್ರವೇಶಕ್ಕೆ ಒಯ್ದು ವಾಪಸು ಬಂದ ಸ್ಟೀಲ್ ಡಬರಿ, ಹಾಸುವ ಜಮಖಾನ, ಇಳಿಸದೆ ಬಿಟ್ಟ ಸೋನಾ ಮಸೂರಿಯ 20 ಪೌಂಡಿನ ಚೀಲ. ಅಕ್ಕಿ ಒಂದೇ ಸೆಕೆಂಡಿನ ಐವತ್ತನೇ ಒಂದು ಭಾಗವಾಯಿತು. ಪೆಟ್ರೋಲ್ ಗ್ಯಾಲನ್ನಿಗೆ ಆರು ಪೌಂಡಾದ್ದರಿಂದ ಟ್ಯಾಂಕು ತುಂಬಿಸಿಕೊಂಡು ಹೋಗುವುದೂ ದಂಡ. ನಾನು ಒಂದೊಂದಾಗಿ ಇಳಿಸಿ ಗ್ಯಾರೇಜಿನಲ್ಲಿ ಜೋಡಿಸುವುದನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಆರು ತಿಂಗಳಿಂದ ಹೇಳ್ತಾ ಇದೀನಿ ಡಿಕ್ಕಿ ಖಾಲಿ ಮಾಡಿ ಅಂತ. ಇವತ್ತೇನ್ರೀ ಜ್ಞಾನೋದಯ?"

ಭಾರದ ಲೆಕ್ಕ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, "ಹಾಗಾದ್ರೆ ಅಕ್ಕಿ ಇಳಿಸೋ ಬದಲು ಅನ್ನ ಇಳಿಸಿ" ಎಂದು ಒಳಗೆ ಹೋದಳು. ತಾಂತ್ರಿಕವಾಗಿ ಇದರಲ್ಲಿ ತಪ್ಪು ಹುಡುಕಲಾಗುವುದಿಲ್ಲ.

ಗಾಳಿಯದ್ದೂ ಒಂದು ಪಾಲಿದೆ. ತಣ್ಣನೆಯ ಗಾಳಿ ದಟ್ಟ, ಎಂಜಿನ್ನಿಗೆ ಆಮ್ಲಜನಕ ಹೆಚ್ಚು. ಸೊನೋಮಾದಲ್ಲಿ ಹೊತ್ತು ಮುಳುಗಿ ಕೊಲ್ಲಿಯ ಕಡೆಯಿಂದ ಚಳಿ ಬೀಸತೊಡಗಿದರೆ ನಮಗೆ ಹಬ್ಬ. ಡೆನ್ವರ್ ಬಳಿಯ ಬ್ಯಾಂಡಿಮಿಯರ್ ಪಟ್ಟಿ, 2023ರಲ್ಲಿ ಮುಚ್ಚುವವರೆಗೂ, ಸಮುದ್ರಮಟ್ಟದಿಂದ 5,800 ಅಡಿ ಎತ್ತರದಲ್ಲಿತ್ತು. ಅಲ್ಲಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ ಕಾರುಗಳು ಉಸಿರು ಕಟ್ಟಿಕೊಂಡೇ ಓಡಿದವು. ಬೆಂಗಳೂರೂ 900 ಮೀಟರಿಗೂ ಮೇಲಿದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಕಾರು ಇಲ್ಲಿ ಜಡವಾಯಿತು ಎನ್ನುವವರ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಉಳಿದದ್ದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಕೊಡುಗೆ.

ಎಸಿ ಆರಿಸುವುದು ಕಡ್ಡಾಯ ಎಂದೇ ತಿಳಿಯಿರಿ. ಎಂಜಿನ್ನಿನ ಶಕ್ತಿ ತಿನ್ನುವುದಲ್ಲದೆ ಅದರ ನೀರು ಪಟ್ಟಿಯ ಮೇಲೆ ಸೋರುತ್ತದೆ. ಸರದಿಯಲ್ಲಿ ಕಾಯುವಾಗ ಬಾನೆಟ್ ಎತ್ತಿಟ್ಟು, ಎಂಜಿನ್ ಆರಿಸಿ, ಸಾಲು ಸರಿದಂತೆ ಕಾರನ್ನು ಕೈಯಿಂದಲೇ ತಳ್ಳುವವರಿದ್ದಾರೆ. ಲಕ್ಷಗಟ್ಟಲೆ ಡಾಲರಿನ ಕಾರನ್ನು ಮಾಲೀಕ ಬೆವರು ಸುರಿಸಿ ತಳ್ಳುವುದನ್ನು ನೋಡುವ ಭಾಗ್ಯ ಬೇರೆಲ್ಲಿ ಸಿಕ್ಕೀತು?

ಇಷ್ಟೆಲ್ಲ ಮಾಡಿದರೂ ಕ್ಯಾಮ್ರಿ ಕ್ಯಾಮ್ರಿಯೇ. ಆದರೆ ಬ್ರ್ಯಾಕೆಟ್ ರೇಸಿಂಗ್ ಎಂಬ ಏರ್ಪಾಡಿನಲ್ಲಿ ನಿಧಾನ ಎಂಬುದು ದೋಷವೇ ಅಲ್ಲ. ನನ್ನ ಕಾರು ಎಷ್ಟು ಸೆಕೆಂಡಿಗೆ ಓಡುತ್ತದೆ ಎಂದು ಮೊದಲೇ ಬಿಳಿ ಶೂ ಪಾಲಿಶಿನಲ್ಲಿ ಗಾಜಿನ ಮೇಲೆ ಬರೆಯಬೇಕು: 16.50. ಪಕ್ಕದ ಫೋರ್ಡ್ ಮಸ್ಟ್ಯಾಂಗಿನವನು 12.50 ಬರೆದರೆ ನನಗೆ ನಾಲ್ಕು ಸೆಕೆಂಡ್ ಮುಂಚೆ ಹಸಿರು ಸಿಗುತ್ತದೆ. ಬರೆದದ್ದಕ್ಕಿಂತ ಬೇಗ ಓಡಿದರೆ ಸೋಲು, ಹಸಿರಿಗೆ ಮುಂಚೆ ಚಕ್ರ ಬೆಳಕಿನ ಗೆರೆ ಬಿಟ್ಟರೂ ಸೋಲು. ಹೊಸ ಇನ್‌ಟೇಕ್ ಹಾಕಿಸಿ ದಿನಕ್ಕೊಂದು ಸಮಯ ತೆಗೆಯುವವನಿಗಿಂತ, ಪ್ರತಿ ಸಲ ಒಂದೇ ಥರ ಓಡುವ ಪೆದ್ದು ಕಾರಿಗೆ ಇಲ್ಲಿ ಬೆಲೆ. ನಾನು ಹೊರಟು ಹೋದ ಮೇಲೂ ಮಸ್ಟ್ಯಾಂಗಿನವನು ಗೆರೆಯಲ್ಲೇ ಗುರುಗುಟ್ಟುತ್ತಾ ನಿಂತಿರಬೇಕು. ಅರ್ಧ ದಾರಿ ಕಳೆಯುವ ಹೊತ್ತಿಗೆ ಹಿಂದಿನಿಂದ ಆ ಸದ್ದು ಬೆಳೆಯತೊಡಗುತ್ತದೆ. ಕನ್ನಡಿ ನೋಡಬೇಡಿ, ಕಾಲು ತಾನಾಗಿ ಸಡಿಲವಾಗುತ್ತದೆ ಎಂದು ಅನುಭವಸ್ಥರು ಎಚ್ಚರಿಸುತ್ತಾರೆ. ನಾನಂತೂ ನೋಡುತ್ತೇನೆ. ಮಸ್ಟ್ಯಾಂಗಿನಲ್ಲಿ ಕೂತವನೊಬ್ಬ ಮೈಯೆಲ್ಲ ಗಮನವಾಗಿ ನನ್ನ ಕ್ಯಾಮ್ರಿಯನ್ನು ಬೆನ್ನಟ್ಟುವುದು ಇನ್ನೆಲ್ಲಿ ನೋಡಲು ಸಿಗಬೇಕು?