ಮಧ್ಯಮ ಎಲ್ಲ ಕಡೆ ಒಗ್ಗುವುದಿಲ್ಲ ಸಾರ್
ನಿಮ್ಮ ಗಿಟಾರ್ ಲೇಖನದಲ್ಲಿ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಅಲಂಕರಿಸುವ ಬಗ್ಗೆ ಹೇಳುತ್ತಾ, ‘ಡಿ ಕಾರ್ಡ್ ಹಿಡಿದಾಗ ಕಿರುಬೆರಳನ್ನು ಮೊದಲ ತಂತಿಯ 3ನೇ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಯ ಮನೆ) ಯಾವಾಗ ಬೇಕಾದರೂ ಇಡಿ, ಚೆನ್ನಾಗಿಯೇ ಕೇಳುತ್ತದೆ’ ಎಂದು ಬರೆದಿದ್ದೀರಿ. ಒಬ್ಬರೇ ಕೂತು ನುಡಿಸುವಾಗ ಸರಿ, ಪಕ್ಕದಲ್ಲಿ ಹಾಡುವವರಿದ್ದರೆ ಕಷ್ಟ. ಡಿ ಷಡ್ಜ, ಅಂದರೆ ‘ಸ’ ಆದರೆ ಆ ಬೆರಳು ಕೊಡುವುದು ಶುದ್ಧ ಮಧ್ಯಮ, ಅಂದರೆ ‘ಮ’ದ ಕೆಳಗಿನ ರೂಪ. ಹಾಡುವವರು ಗಾಂಧಾರದ ಮೇಲೆ ನಿಂತಿದ್ದರೆ ಅರ್ಧ ಸ್ವರದ ಅಂತರದಲ್ಲಿ ಎರಡೂ ಕಚ್ಚಾಡುತ್ತವೆ. ಮೋಹನ ರಾಗದ ಒಂದು ಭಾವಗೀತೆಗೆ ಸಾಥ್ ಕೊಡುವಾಗ ನಾನು ಹೀಗೇ ಅಲಂಕಾರ ಮಾಡಲು ಹೋಗಿ, ಹಾಡುತ್ತಿದ್ದ ಅಕ್ಕ ಚರಣದ ಮಧ್ಯೆಯೇ ತಿರುಗಿ ನೋಡಿದ್ದರು!

ಮೋಹನದಲ್ಲಿ ಮಧ್ಯಮವೇ ಇಲ್ಲ. ಅಲ್ಲಿ ಬೆರಳು ಸೇರಿಸುವ ಬದಲು ನಡುಬೆರಳನ್ನು ಎತ್ತಿಬಿಡಿ. ಖಾಲಿ ತಂತಿಯ ಇ, ಅಂದರೆ ರಿಷಭ, ರಾಗದ್ದೇ ಸ್ವರ. ಇನ್ನೂ ಮಜಾ ಇರುವುದು ಎ ಕಾರ್ಡಿನಲ್ಲಿ. ಮಾಮೂಲಿ ಎ ಮೇಜರ್‌ನಲ್ಲಿ ಸಿ ಶಾರ್ಪ್ ಇದೆ, ಅದು ನಿಷಾದ, ಮೋಹನಕ್ಕೆ ಹೊರಗಿನದು. ಎರಡನೇ ತಂತಿಯ ಬೆರಳನ್ನು ಎತ್ತಿದರೆ ಧೈವತ, 3ನೇ ಫ್ರೆಟ್ಟಿಗೆ ಸರಿಸಿದರೆ ಷಡ್ಜ. ಹೀಗೆ ಒಂದು ಸ್ವರ ಬದಲಿಸಿದ ಸಸ್ ಕಾರ್ಡ್ ಇಲ್ಲಿ ಬರೀ ಒಡವೆಯಲ್ಲ, ಮೂಲ ಕಾರ್ಡಿಗಿಂತ ಅದೇ ಸರಿ.

ಕಲ್ಯಾಣಿ ರಾಗಕ್ಕೆ ಬಂದರಂತೂ ಷಡ್ಜದ ಮೇಲಿನ ಸಸ್4 (ಮೊದಲು ಹೇಳಿದ ಕಿರುಬೆರಳಿನ ಕಾರ್ಡ್) ಕೈಬಿಡಿ, ಅಲ್ಲಿರುವುದು ಅರ್ಧ ಸ್ವರ ಮೇಲಿನ ಪ್ರತಿ ಮಧ್ಯಮ. ನಾಲ್ಕನೇ ತಂತಿಯ ಹ್ಯಾಮರ್-ಆನ್ (ತಂತಿ ಮೀಟಿದ ಕೂಡಲೇ ಬೆರಳು ಬಡಿದು ಮೇಲಿನ ಸ್ವರ ಬರಿಸುವುದು) ಬಗ್ಗೆ ನೀವು ಬರೆದದ್ದು ಮಾತ್ರ ಪೂರ್ತಿ ಒಪ್ಪಿದೆ. ಸಿ ಕಾರ್ಡಿನಲ್ಲಿ ಅದನ್ನು ದಿನಾ ನುಡಿಸುತ್ತೇನೆ.