ದೆವ್ವದ ಮನೆಯಲ್ಲಿ ಹೆಬ್ಬೆಟ್ಟು ಕೇಳೋದಿಲ್ಲ

ಹಾರರ್ ಗೇಮ್, ಅಂದ್ರೆ ಹೆದರಿಸೋ ವಿಡಿಯೋ ಗೇಮ್ ಮಾಡುವವರಲ್ಲಿ ಬಹಳಷ್ಟು ಜನ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಆಟದಲ್ಲಿ ನಿಮ್ಮ ಮುಖ ನಿಮಗೆ ಕಾಣೋದಿಲ್ಲ. ಎರಡು ಕೈ ಕಾಣುತ್ತೆ, ಮುಂದೆ ಕತ್ತಲೆ ಕಾಣುತ್ತೆ, ಅಷ್ಟೇ. ಬಂದೂಕು ಗಿಂದೂಕು ಸಾಮಾನ್ಯವಾಗಿ ಕೊಡೋದಿಲ್ಲ. ಹಾಳು ಬಂಗಲೆ, ಕಿರುಗುಟ್ಟೋ ಬಾಗಿಲು, ಬಾಗಿಲಿಗೆ ಬೀಗ. ಬೀಗದ ಕೈ ಯಾವುದೋ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ನಂಬರ್ ಯಾವುದೋ ಗೋಡೆ ಮೇಲೆ, ಆ ಗೋಡೆ ಇರೋ ಕೋಣೆಗೆ ಇನ್ನೊಂದು ಬೀಗ. ಇದನ್ನೆಲ್ಲ ಬಿಡಿಸುತ್ತಾ ಕೂತಾಗ ಹಿಂದಿನಿಂದ ಏನೋ ಒಂದು ಬರುತ್ತೆ. ಓಡಬೇಕು, ಇಲ್ಲಾ ಬೀರುವಿನಲ್ಲಿ ಅಡಗಬೇಕು.

ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಅನ್ನೋ ಕಂಪನಿ 2010ರಲ್ಲಿ ‘ಆಮ್ನೇಶಿಯಾ: ದಿ ಡಾರ್ಕ್ ಡಿಸೆಂಟ್’ ಅಂತ ಒಂದು ಆಟ ತಂದಿತು. ಜಗತ್ತೇ ಹೆದರಿತಂತೆ. ಅದರ ಗುಟ್ಟು ಇಷ್ಟೇ: ಕತ್ತಲಲ್ಲಿ ಜಾಸ್ತಿ ಹೊತ್ತು ನಿಂತರೆ ಆಡುವವನ ತಲೆ ಕೆಡುತ್ತೆ, ಲಾಟೀನು ಹಚ್ಚಿದರೆ ಎಣ್ಣೆ ಖರ್ಚಾಗುತ್ತೆ. ಇದನ್ನ ಕಂಡುಹಿಡಿಯೋಕೆ ಸ್ವೀಡನ್ನೇ ಬೇಕಿತ್ತಾ? ನಮ್ಮ ಕಲಬುರಗಿಗೆ ಬಂದು ಒಂದು ಮೇ ತಿಂಗಳು ಕಳೆದಿದ್ದರೆ ಆಗ್ತಿತ್ತು. ಕರೆಂಟ್ ಇಲ್ಲದೆ ಕೂತರೆ ತಲೆ ಕೆಡುತ್ತೆ, ಕರೆಂಟ್ ಇದ್ದರೆ ಬಿಲ್ ನೋಡಿ ತಲೆ ಕೆಡುತ್ತೆ.

ನಮ್ಮೂರ ಹುಡುಗರೂ ಈ ಆಟ ಆಡ್ತಾರೆ. ರಾತ್ರಿ ಕದ ಹಾಕ್ಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ, ಸದ್ದು ಬರ್ತದೆ ಅಂತ ಫ್ಯಾನ್ ಕೂಡ ಬಂದ್ ಮಾಡಿ, ಬೆವರು ಸುರಿಸ್ತಾ ಆಡ್ತಾರೆ. ಆ ಬೆವರು ಹೆದರಿಕೆಯದೋ ಸೆಖೆಯದೋ ಅವರಿಗೂ ಗೊತ್ತಿಲ್ಲ. ದೆವ್ವ ಇನ್ನೇನು ಕುತ್ತಿಗೆಗೆ ಕೈ ಹಾಕಬೇಕು, ಅಷ್ಟರಲ್ಲಿ ಕರೆಂಟ್ ಹೋಗುತ್ತೆ. ಕರೆಂಟ್ ಜೊತೆ ದೆವ್ವವೂ ಹೋಗುತ್ತೆ. ಬಡಾವಣೆಗೆ ಬಡಾವಣೆಯೇ ಕಗ್ಗತ್ತಲಾದಾಗ ಹುಡುಗ ನಿಟ್ಟುಸಿರು ಬಿಟ್ಟು ಮಾಳಿಗೆ ಮೇಲೆ ಹೋಗಿ ಹಾಯಾಗಿ ಮಲಗ್ತಾನೆ. ಕತ್ತಲಾದ ಮೇಲೆ ಭಯ ಹೋಗೋ ಊರು ಇನ್ನೆಲ್ಲಾದರೂ ಇದ್ದರೆ ಹೇಳಿ.

ಹಾಳು ಕಟ್ಟಡಕ್ಕಂತೂ ನಮ್ಮಲ್ಲಿ ಬರ ಇಲ್ಲ. 1347ರಲ್ಲಿ ಶುರುವಾದ ಬಹಮನಿ ರಾಜ್ಯದ ಮೊದಲ ರಾಜಧಾನಿ ಇದು. ಕೋಟೆ ಇದೆ, ಹಫ್ತ್ ಗುಂಬಜ್ ಇದೆ, ಹೆಸರಲ್ಲೇ ಕಳ್ಳನನ್ನ ಇಟ್ಟುಕೊಂಡ ಚೋರ್ ಗುಂಬಜ್ ಇದೆ. ಸುಲ್ತಾನರ ಗೋರಿ ಆಜುಬಾಜು ಹುಡುಗರು ಕ್ರಿಕೆಟ್ ಆಡ್ತಾರೆ. ಹೆದರೋರು ಯಾರು?

ನಾನು ಹೇಳಬೇಕಾಗಿದ್ದು ಬ್ರಹ್ಮಪುರದ ಒಂದು ಓಣಿಯ ಮುತ್ಯಾನ ಬಗ್ಗೆ. ವಯಸ್ಸು ಎಂಬತ್ತರ ಹತ್ತಿರ. ಪ್ರಾಯದಲ್ಲಿ ಶಹಾಬಾದಿನ ಪರ್ಸಿ, ಅಂದ್ರೆ ನೆಲಕ್ಕೆ ಹಾಸೋ ಚಪ್ಪಡಿ ಕಲ್ಲಿನ ಖಣಿಯಲ್ಲಿ ಕಲ್ಲು ಒಡೆದವರು. ಈಗ ಮೊಮ್ಮಗನ ಪಕ್ಕ ಕೂತು ಅವನ ಮೊಬೈಲಿನಲ್ಲಿ ‘ಗ್ರಾನಿ’ ನೋಡೋದು ಅವರ ಸಂಜೆಯ ಕೆಲಸ. 2017ರಲ್ಲಿ ಬಂದ ಆಟ ಅದು. ಒಬ್ಬ ಮುದುಕಿಯ ಮನೆಯಲ್ಲಿ ನೀವು ಸಿಕ್ಕಿಬಿದ್ದಿರ್ತೀರಿ. ಹೊರಗೆ ಬರೋಕೆ ಐದು ದಿನ ಟೈಮು. ಸುತ್ತಿಗೆ, ಇಕ್ಕಳ, ಬೀಗದ ಕೈ ಎಲ್ಲ ಮನೆಯೊಳಗೇ ಬಚ್ಚಿಟ್ಟಿರ್ತಾರೆ. ಒಂದು ಸಾಮಾನು ಕೆಳಗೆ ಬಿದ್ದರೂ ಸಾಕು, ಮುದುಕಿ ಬಡಿಗೆ ಹಿಡಿದು ಬಂದೇಬಿಡ್ತಾಳೆ. ಒಂದೇಟು ಬಿತ್ತು ಅಂದ್ರೆ ಒಂದು ದಿನ ಹೋಯ್ತು.

ಮೊಮ್ಮಗ ನಡುಗ್ತಾ ಆಡ್ತಿದ್ದ. ಮುತ್ಯಾ ಕವಳ ಹಾಕಿಕೊಂಡು ನೋಡ್ತಿದ್ದರು. ಒಂದಷ್ಟು ಹೊತ್ತಾದ ಮೇಲೆ ಕೇಳಿದರು.

“ಈ ಮುದುಕಿ ದಿನಾ ಮನ್ಯಾಗೇ ಇರ್ತಾಳೇನೋ? ರಜಾ ಹಾಕಂಗಿಲ್ಲ?”

“ಇಲ್ಲ ಮುತ್ಯಾ.”

“ಊಟಕ್ಕ ಹೋಗಂಗಿಲ್ಲ? ಮೀಟಿಂಗು?”

“ಮುತ್ಯಾ, ಸುಮ್ಕಿರು. ಸಪ್ಪಳ ಕೇಳಿದ್ರ ಬರ್ತಾಳ.”

“ಸಪ್ಪಳ ಮಾಡಿದ್ರ ಎದ್ದು ಬರ್ತಾಳ? ಭಾಳ ಒಳ್ಳೇಕಿ ಇದ್ದಾಳ ಬಿಡು. ನಾ ಅಲ್ಲಿ ಕಿಟಕಿ ಮುಂದ ಅರ್ಧ ತಾಸು ಕೆಮ್ಮಿದ್ರೂ ಒಬ್ಬನೂ ತಲಿ ಎತ್ತಲಿಲ್ಲ.”

ಮುತ್ಯಾನ ಕಿಟಕಿ ಬೇರೆ. ಅವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರ್ತಿತ್ತು, ತಿಂಗಳಿಗೆ 1,200 ರೂಪಾಯಿ. ಒಂದು ತಿಂಗಳು ಬರಲಿಲ್ಲ, ಮರು ತಿಂಗಳೂ ಬರಲಿಲ್ಲ. ಕೇಳೋಕೆ ಒಂದು ಕಚೇರಿಗೆ ಹೋದರು. ಯಾವ ಕಚೇರಿ ಅಂತ ಕೇಳಬೇಡಿ, ನಿಮ್ಮೂರಲ್ಲೂ ಅದೇ ಕಿಟಕಿ, ಅದೇ ದಾರ ಕಟ್ಟಿದ ಪೆನ್ನು ಇರುತ್ತೆ. ಒಳಗಿದ್ದ ಹುಡುಗ ಕೆಟ್ಟವನಲ್ಲ. ಬಹಳ ಮೆತ್ತಗೆ ಹೇಳಿದ.

“ಮುತ್ಯಾ, ನೀವು ತೀರ್ಕೊಂಡೀರಿ ಅಂತ ತೋರಸ್ಲತ್ತದ.”

“ಹಂಗಾದ್ರ ಈಗ ಮಾತಾಡ್ಲತ್ತಿದ್ದು ಯಾರಪ್ಪ?”

“ಅದು ಸಿಸ್ಟಮ್‌ಗ ಗೊತ್ತಿಲ್ರಿ. ಥಂಬ್ ಹಚ್ರಿ, ನೋಡೂಣು.”

ನೋಡಿ, ಹಾರರ್ ಕಥೆಗಳಲ್ಲಿ ಕಥಾನಾಯಕನಿಗೆ ತಾನೇ ದೆವ್ವ ಅಂತ ಗೊತ್ತಾಗೋದು ಕೊಟ್ಟಕೊನೆಗೆ. ಅಲ್ಲಿಗೆ ತಲುಪೋಕೆ ಎಷ್ಟೋ ರಾತ್ರಿ ಆಡಬೇಕು. ನಮ್ಮ ಮುತ್ಯಾನಿಗೆ ಮೊದಲನೇ ಕಿಟಕಿಯಲ್ಲೇ ಹೇಳಿಬಿಟ್ಟರು. ಆಟ ಅಲ್ಲಿಂದ ಶುರು.

ಥಂಬ್ ಮಷೀನು ಅಂದ್ರೆ ಸೋಪಿನ ಡಬ್ಬಿಯಷ್ಟು ಒಂದು ಡಬ್ಬಿ. ಮೇಲೆ ಗಾಜು, ಗಾಜಿನ ಕೆಳಗೆ ಕೆಂಪು ಬೆಳಕು. ಮುತ್ಯಾ ಹೆಬ್ಬೆಟ್ಟು ಇಟ್ಟರು. ಬರಲಿಲ್ಲ. ಧೋತರದ ಚುಂಗಿನಿಂದ ಒರೆಸಿ ಇಟ್ಟರು. ಬರಲಿಲ್ಲ. ಸರದಿಯಲ್ಲಿದ್ದ ಒಬ್ಬ ಅಜ್ಜಿ, “ತಲಿಗೂದ್ಲಿಗಿ ಒರಸ್ಕೋರಿ ಯಣ್ಣಾ, ಎಣ್ಣಿ ಹತ್ತಿದ್ರ ಬರ್ತದ” ಅಂದಳು. ಮುತ್ಯಾನ ತಲೆಯಲ್ಲಿ ಕೂದಲೆಲ್ಲಿಂದ ತರೋದು? ಹಣೆಗೆ ಒರೆಸಿಕೊಂಡರು. ಬರಲಿಲ್ಲ. “ಜೋರ್ ಒತ್ರಿ” ಅಂದ ಹಿಂದಿನವನು. “ಭಾಳ ಒತ್ಬ್ಯಾಡ್ರಿ” ಅಂದ ಅವನ ಹಿಂದಿನವನು. ಬಲಗೈ ಮುಗಿಸಿ ಎಡಗೈಗೆ ಬಂದರು. ಹತ್ತು ಬೆರಳೂ ಮುಗಿದವು. ಶಹಾಬಾದಿನ ಪರ್ಸಿ ಆ ಬೆರಳುಗಳ ಗೆರೆಯನ್ನ ಯಾವತ್ತೋ ತಿಂದುಹಾಕಿದೆ. ಆ ಬೆರಳು ಒಡೆದ ಕಲ್ಲಿನ ನೆಲದ ಮೇಲೇ ಕಚೇರಿಯ ಕುರ್ಚಿ ನಿಂತಿರಬಹುದು. ಆದರೆ ಕಲ್ಲಿನ ಮೇಲಿರೋ ಗುರುತನ್ನ ಆ ಡಬ್ಬಿ ಓದೋದಿಲ್ಲ.

ಸರಕಾರಕ್ಕೂ ಇದು ಗೊತ್ತಿರೋ ವಿಷಯವೇ. ನೌಕರಿ ಪಿಂಚಣಿಯವರು ತಾವು ಬದುಕಿದ್ದೇವೆ ಅಂತ ಕಂಪ್ಯೂಟರಿನಲ್ಲೇ ತೋರಿಸಲಿ ಅಂತ 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ತಂದರು. ಬೆರಳು ಕೈಕೊಡ್ತದೆ ಅಂತ ತಿಳಿದು 2021ರಲ್ಲಿ ಮುಖ ತೋರಿಸಿದರೂ ನಡೀತದೆ ಅಂದರು. ಆ ಮುಖದ ವಿದ್ಯೆ ಈಗ ಬೇರೆ ಕಡೆಗೂ ಬಂದಿದೆ. ಒಳಗಿದ್ದ ಹುಡುಗ ಅದನ್ನೂ ಪ್ರಯತ್ನಿಸಿದ. ಮೊಬೈಲ್ ಹಿಡಿದು, “ಮುತ್ಯಾ, ಕಣ್ಣು ಪಿಳುಕಿಸ್ರಿ” ಅಂದ. ಪಿಳುಕಿಸಿದರೆ ಜೀವ ಇದೆ ಅಂತ ಆ್ಯಪ್ ನಂಬುತ್ತೆ. ಮುತ್ಯಾನಿಗೆ ಪೊರೆ ಆಪರೇಷನ್ ಆಗಿ ಕರಿ ಕನ್ನಡಕ ಇತ್ತು. ಅದನ್ನ ತೆಗೆದರು. ಬಿಸಿಲಿಗೆ ಕಣ್ಣು ಬಿಡೋಕೇ ಆಗಲಿಲ್ಲ, ಇನ್ನು ಪಿಳುಕಿಸೋದೆಲ್ಲಿ? ಕೊನೆಗೆ ಹೇಗೋ ಪಿಳುಕಿಸಿದರು. ಅಷ್ಟರಲ್ಲಿ ನೆಟ್ ಹೋಗಿತ್ತು.

ಮುತ್ಯಾನಿಗೆ ತಾಳ್ಮೆ ತಪ್ಪಿತು. ಧೋತರ ಮೇಲೆತ್ತಿ ಕಾಲು ಮುಂದೆ ಚಾಚಿದರು. “ದೆವ್ವಕ್ಕ ಪಾದ ಹಿಂದಮುಂದ ಇರ್ತಾವಂತ. ನೋಡಪ್ಪ, ನಂದು ಸರಿ ಅದಾವಿಲ್ಲ?”

ಹುಡುಗ ಎದ್ದು ನಿಂತು ಖರೇನೇ ನೋಡಿದ. “ಸರಿ ಅದಾವ್ರಿ. ಆದ್ರ ಕಾಲಿಗಿ ಕಾಲಂ ಇಲ್ರಿ.”

2014ರಲ್ಲಿ ಪ್ಲೇಸ್ಟೇಷನ್ 4 ಅನ್ನೋ ಗೇಮ್ ಯಂತ್ರಕ್ಕೆ ‘ಪಿ.ಟಿ.’ ಅಂತ ಒಂದು ಪುಟ್ಟ ಆಟ ಪುಕ್ಕಟೆ ಬಂದಿತ್ತು. ಒಂದು ಮನೆ, ಒಂದು ಕಾರಿಡಾರು. ಕೊನೆಯ ಬಾಗಿಲು ತೆಗೆದು ಹೊರಬಿದ್ದರೆ ಅದೇ ಕಾರಿಡಾರಿನ ಶುರುವಿಗೇ ಬಂದಿರ್ತೀರಿ. ಪ್ರತಿ ಸುತ್ತಿಗೂ ಏನೋ ಒಂದು ಸ್ವಲ್ಪ ಕೆಟ್ಟಿರುತ್ತೆ. ಕೊನೆಯ ಒಗಟು ಬಿಡಿಸೋಕೆ ಜಗತ್ತಿನ ಆಟಗಾರರೆಲ್ಲ ಸೇರಿ ತಲೆ ಕೆಡಿಸಿಕೊಂಡರು. ಮರುವರ್ಷ ಕಂಪನಿ ಆಟವನ್ನೇ ವಾಪಸ್ ತಗೊಂಡಿತು. ಮುತ್ಯಾನ ಕಾರಿಡಾರು ಹೀಗಿದೆ: ಪಿಂಚಣಿ ಬೇಕಾದರೆ ಆಧಾರ್ ಸರಿಮಾಡಿಸಿ. ಆಧಾರ್ ಸರಿಮಾಡಿಸೋಕೆ ಹೋದರೆ ಮೊಬೈಲಿಗೆ ಓಟಿಪಿ ಬಂದಿದೆ, ಹೇಳಿ. ಆ ನಂಬರಿನ ಸಿಮ್ ಯಾವಾಗಲೋ ಬಂದ್ ಆಗಿದೆ, ಹೊಸದು ತಗೊಳ್ಳಿ. ಸಿಮ್ ಅಂಗಡಿಯಲ್ಲಿ? ಥಂಬ್ ಹಚ್ಚಿ. ಬಾಗಿಲು ತೆಗೆದರೆ ಅದೇ ಕಾರಿಡಾರು, ಅದೇ ಕೆಂಪು ಬೆಳಕು. ವಾಪಸ್ ತಗೊಳ್ಳೋಕೆ ಇದಕ್ಕೆ ಕಂಪನಿಯೂ ಇಲ್ಲ.

ತಲಾಟಿಯಿಂದ, ಅಂದ್ರೆ ಊರಿನ ಕಂದಾಯದ ಲೆಕ್ಕ ನೋಡೋರಿಂದ, ‘ಬದುಕಿದ್ದಾರೆ’ ಅಂತ ಬರೆಸಿಕೊಂಡು ಬನ್ನಿ ಅಂತ ಯಾರೋ ಅಂದರು. ಅದಕ್ಕೆ ಪಂಚನಾಮೆ ಆಗಬೇಕು. ಪಂಚನಾಮೆ ಅಂದ್ರೆ ನನಗೆ ನೆನಪಾಗೋದು ಹೆಣ ಬಿದ್ದಾಗ ಮಾಡೋದು. ಇರಲಿ. ಪಂಚರಾಗಿ ಇಬ್ಬರು ಓರಗೆಯವರು ಬಂದರು. ಇಬ್ಬರೂ ಅದೇ ಖಣಿಯವರು. ಅವರ ಹೆಬ್ಬೆಟ್ಟೂ ಬರಲಿಲ್ಲ. ಒಬ್ಬರನ್ನ ಬದುಕಿಸೋಕೆ ಹೋಗಿ ಇನ್ನಿಬ್ಬರು ಹೋಗೋ ಪರಿಸ್ಥಿತಿ ನೋಡಿ ಅವರು ಚಹಾ ಕುಡಿದು ಎದ್ದುಹೋದರು.

ಆಟದಲ್ಲಿ ಸೇವ್ ಮಾಡೋ ಸೌಕರ್ಯ ಇರುತ್ತೆ, ಅದೊಂದು ದೊಡ್ಡ ಉಪಕಾರ. 1996ರ ‘ರೆಸಿಡೆಂಟ್ ಈವಿಲ್’ನಲ್ಲಿ ಟೈಪ್‌ರೈಟರ್ ಹತ್ತಿರ ಹೋಗಿ, ಶಾಯಿ ರಿಬ್ಬನ್ ಹಾಕಿದರೆ ಅಲ್ಲಿವರೆಗಿನ ಆಟ ಭದ್ರ. ಸತ್ತರೂ ಅಲ್ಲಿಂದಲೇ ಮುಂದುವರಿಸಬಹುದು. ನಮ್ಮಲ್ಲಿ ಸೇವ್ ಅಂದ್ರೆ ಸ್ವೀಕೃತಿ ಚೀಟಿ. ಮುತ್ಯಾ ಅದನ್ನ ಮಡಿಚಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಬಂಡಿ ಅಂಗಿಯ ಒಳಕಿಸೆಗೆ ಹಾಕಿಕೊಂಡಿದ್ದರು. ಮತ್ತೆ ಹೋದಾಗ ಕಿಟಕಿಯಲ್ಲಿ ಬೇರೆ ಮುಖ. “ಅವ್ರು ವರ್ಗ ಆಗ್ಯಾರ್ರಿ. ಹೊಸದಾಗಿ ಅರ್ಜಿ ಕೊಡ್ರಿ.” ಚೀಟಿ ತೋರಿಸಿದರೆ ಅದರ ಮೇಲಿನ ಅಕ್ಷರ ಬೆವರಿಗೆ ಅಳಿಸಿಹೋಗಿತ್ತು. ಆಟ ಮೊದಲಿಂದ.

ಇದೆಲ್ಲ ಕಲಬುರಗಿಯ ವಿಶೇಷ ಅಂತ ನಾವು ಜಂಬ ಪಡೋ ಹಾಗೂ ಇಲ್ಲ. ಉತ್ತರ ಪ್ರದೇಶದ ಆಜಮ್‌ಗಢ ಜಿಲ್ಲೆಯ ಲಾಲ್ ಬಿಹಾರಿ ಇದರಲ್ಲಿ ಹಿರಿಯರು. ಜಮೀನಿನ ಆಸೆಗೆ ಸಂಬಂಧಿಕರು ಅವರನ್ನ 1970ರ ದಶಕದಲ್ಲಿ ದಾಖಲೆಯಲ್ಲಿ ಸಾಯಿಸಿದರು. ಸಾಲ ಕೇಳೋಕೆ ಕಾಗದಪತ್ರ ತರಲು ಹೋದಾಗ ಅವರಿಗೆ ತಮ್ಮ ಸಾವಿನ ಸುದ್ದಿ ಗೊತ್ತಾಯ್ತು. ಹೆಸರಿಗೆ ‘ಮೃತಕ’ ಅಂತ ಸೇರಿಸಿಕೊಂಡರು. ತಮ್ಮಂಥ ಸತ್ತವರದೇ ಒಂದು ಸಂಘ ಕಟ್ಟಿದರು. ಚುನಾವಣೆಗೂ ನಿಂತರು. ಸತ್ತವರು ಮತ ಹಾಕೋದು ನಮಗೆ ಹೊಸದಲ್ಲ, ಆದರೆ ಸತ್ತವರು ಮತ ಕೇಳಿದ್ದು ಅಪರೂಪ. ಕೊನೆಗೆ 1994ರಲ್ಲಿ ದಾಖಲೆಯಲ್ಲಿ ಜೀವ ಬಂತು. 2003ರಲ್ಲಿ ಅವರಿಗೆ ನೊಬೆಲ್ಲನ್ನ ಅಣಕಿಸಿ ಕೊಡೋ ಇಗ್ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಶಾಂತಿ ಪ್ರಶಸ್ತಿ ಕೊಟ್ಟಿದ್ದು ಸರಿಯೇ. ಅಷ್ಟು ವರ್ಷ ಯಾರ ತಲೆಯನ್ನೂ ಒಡೆಯದೆ ಇದ್ದರಲ್ಲ.

ನಡುನಡುವೆ ಉಪದೇಶಕ್ಕೂ ಕೊರತೆ ಇಲ್ಲ. ಇಂಥ ಆಟ ಆಡಿದರೆ ಮಕ್ಕಳು ಹೆದರ್ತಾರೆ, ಮನಸ್ಸು ಕೆಡ್ತದೆ ಅಂತ ದೊಡ್ಡವರು ಭಾಷಣ ಮಾಡ್ತಾರೆ. ಹೆದರೋದು ಹೌದು. ಆದರೆ ಆ ಹುಡುಗನಿಗೆ ಆಟದಿಂದ ಸಿಕ್ಕ ಶಿಕ್ಷಣವನ್ನೂ ನೋಡಿ. ಪ್ರತಿ ಬೀಗಕ್ಕೂ ಒಂದು ಕೈ ಇರುತ್ತೆ ಅಂತ ಅವನು ನಂಬಿದ್ದಾನೆ. ಸಿಗದಿದ್ದರೆ ತಾನು ಸರಿಯಾಗಿ ಹುಡುಕಿಲ್ಲ ಅಂತ ತಿಳೀತಾನೆ. ಅದಕ್ಕೇ ಮುತ್ಯಾನ ಕೆಲಸ ನಾನೇ ಮಾಡಿಸ್ತೀನಿ ಅಂತ ಹೊರಟ. ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಅಂತ 2014ರ ಇನ್ನೊಂದು ಆಟ ಇದೆ. ಅದರಲ್ಲಿ ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಆರರ ತನಕ ಕಾವಲು ಕಾಯಬೇಕು, ಕರೆಂಟ್ ಮುಗಿದರೆ ಸತ್ತಂತೆ. ಅಂಥ ಕಾವಲುಗಾರನಿಗೂ ವಾರಕ್ಕೆ 120 ಡಾಲರ್ ಸಂಬಳ. ಮೊಮ್ಮಗ ಲೆಕ್ಕ ಹಾಕಿ ಹೇಳಿದ, “ಮುತ್ಯಾ, ದೆವ್ವದ ಕೈಯಾಗ ನೌಕರಿ ಮಾಡಿದ್ರ ನಿನ್ನ ಪಿಂಚಣಿಗಿಂತ ಜಾಸ್ತಿ ಬರ್ತದ.”

ಹುಡುಗ ಬುದ್ಧಿವಂತ. ಕಿಟಕಿ ಮುಂದೆ ನಿಂತು ಹೊಸ ದಾರಿ ಹುಡುಕಿದ.

“ಸರ್, ಮುತ್ಯಾ ಸತ್ತಾನ ಅಂತೀರಿ. ಆಯ್ತು. ಹಂಗಾದ್ರ ಮಣ್ಣು ಮಾಡ್ಲಾಕ ಸಹಾಯಧನ ಕೊಡ್ತೀರಲ್ಲ, ಅದನ್ನರೇ ಕೊಡ್ರಿ.”

“ಅದಕ್ಕ ಮರಣ ಪ್ರಮಾಣಪತ್ರ ಬೇಕಪ್ಪ. ಬಾಜೂ ರೂಮಿನಾಗ ಕೇಳು.”

ಬಾಜೂ ರೂಮಿನಲ್ಲಿ ರಿಜಿಸ್ಟರ್ ತೆಗೆದು ನೋಡಿದರು. ಅದರಲ್ಲಿ ಮುತ್ಯಾನ ಹೆಸರೇ ಇಲ್ಲ. ಪಿಂಚಣಿಯ ಲೆಕ್ಕದಲ್ಲಿ ಸತ್ತಿದ್ದಾರೆ, ಜನನ ಮರಣದ ಲೆಕ್ಕದಲ್ಲಿ ಸತ್ತಿಲ್ಲ.

ಹುಡುಗನಿಗೆ ಬೀಗದ ಕೈ ಸಿಕ್ಕಿತು ಅನ್ನಿಸಿತು. “ಹಂಗಾದ್ರ ನಿಮ್ಮ ರಿಜಿಸ್ಟರ್‌ದಾಗ ಸತ್ತಿಲ್ಲ ಅಂತ ಒಂದ್ ಚೀಟಿ ಬರೆದು ಕೊಡ್ರಿ. ಆ ಕಿಟಕ್ಯಾಗ ತೋರಸ್ತೀವಿ.”

ರಿಜಿಸ್ಟರ್ ಮುಚ್ಚಿ ಅವರು ಮುತ್ಯಾನ ಕಡೆ ನೋಡಿದರು. ದನಿಯಲ್ಲಿ ಕನಿಕರ ಇತ್ತು.

“ಬದುಕಿದವ್ರಿಗಿ ಕೊಡೂ ಫಾರಂ ನಮ್ಮಲ್ಲಿ ಇಲ್ರಿ ಯಜಮಾನ್ರ. ಸತ್ತ ಮ್ಯಾಲ ಬರ್ರಿ, ಒಂದೇ ದಿನದಾಗ ಮಾಡಿ ಕೊಡ್ತೀವಿ.”